ಸಭಾಪಾಲಕನಾದ ತಮ್ಮನ ಮಗನಿಗೆ

ರಾಯಚೂರು

ಕರ್ತನಲ್ಲಿ ಪ್ರಿಯನಾದ ಚಿ. ಪ್ರಸನ್ನನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ಬಳ್ಳಾರಿ ಸೀಮೆಯ ಆ ಸಭೆಗೆ ನೀನು ಪಾಲಕನಾಗಿ ಹೋಗಿ ವರ್ಷ ತುಂಬುವ ಮೊದಲೇ ಕಮಿಟಿಯ ಹಿರಿಯರು ಮೂರು ಹೆಸರುಗಳನ್ನು ನಿನ್ನ ಮುಂದಿಟ್ಟು, ಇವರನ್ನು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದಿಂದ ದೂರವಿಡಬೇಕೆಂದು ಪಟ್ಟು ಹಿಡಿದಿರುವುದನ್ನೂ, ಯೌವನಸ್ಥರ ಸಂಘದವರು ಅದಕ್ಕೆ ಎದುರುನಿಂತು, ಕೃಪೆಯಿಂದಲೇ ರಕ್ಷಣೆ ಎಂದಮೇಲೆ ಶಿಸ್ತಿನ ಮಾತು ಏಕೆ ಎಂದು ವಾದಿಸುತ್ತಿರುವುದನ್ನೂ ತಿಳಿದೆ. ಎರಡು ಪಕ್ಷದವರೂ ಒಪ್ಪುವಂತೆ ನಡುವೆ ಎಲ್ಲಿ ಗೆರೆ ಎಳೆಯಬೇಕೆಂದು ಕೇಳಿದ್ದೀಯೆ. ಆ ಗೆರೆಯನ್ನು ಹುಡುಕಲೇ ಬೇಡ ಎಂಬುದು ನನ್ನ ಸಲಹೆ. ಸ್ವಲ್ಪ ಕೃಪೆ, ಸ್ವಲ್ಪ ಪರಿಶುದ್ಧತೆ ಎಂದು ಅಳೆದು ಸುರಿಯಲು ಹೊರಟವನು ಕಡೆಗೆ ಎರಡನ್ನೂ ಕೆಡಿಸುತ್ತಾನೆ. ಬಲವುಳ್ಳವರ ವಿಷಯದಲ್ಲಿ ಅವನ ಕೃಪೆ ಹೆಚ್ಚುತ್ತದೆ, ದಿಕ್ಕಿಲ್ಲದವರ ವಿಷಯದಲ್ಲಿ ಅವನ ಶಿಸ್ತು ಹೆಚ್ಚುತ್ತದೆ. ಇದನ್ನು ನಾನು ನಮ್ಮ ಜಿಲ್ಲೆಯ ಸಭೆಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.

ತೀತನಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ತೆಗೆದು ನೋಡು. ಎಲ್ಲ ಮನುಷ್ಯರಿಗೆ ರಕ್ಷಣೆಯನ್ನು ತರುವ ಕೃಪೆಯೇ ಭಕ್ತಿಹೀನತೆಯನ್ನು ಬಿಟ್ಟು ಬಾಳುವುದನ್ನು ನಮಗೆ ಕಲಿಸುತ್ತದೆಂದು ಪೌಲನು ಅಲ್ಲಿ ಹೇಳುತ್ತಾನೆ. ಕ್ಷಮಿಸುವವಳು ಒಬ್ಬಳು, ತಿದ್ದುವವಳು ಇನ್ನೊಬ್ಬಳು ಎಂದು ಅವನು ಕೆಲಸವನ್ನು ಹಂಚಿಕೊಟ್ಟಿಲ್ಲ. ನಿನ್ನ ಸಭೆಯ ಯೌವನಸ್ಥರಿಗೆ ಕೃಪೆಯಿಂದಲೇ ರಕ್ಷಣೆ ಎನ್ನುವ ಎಫೆಸದವರಿಗೆ ಬರೆದ ಪತ್ರಿಕೆಯ 2:8 ಬಾಯಿಪಾಠವಾಗಿದೆ ಎಂದು ಬರೆದಿದ್ದೀಯೆ. ಬಹಳ ಸಂತೋಷ, ಆದರೆ ಅವರು ಹತ್ತನೆಯ ವಚನದ ತನಕ ಓದಲಿ, ಏಕೆಂದರೆ ಸತ್ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಸಲ್ಪಟ್ಟಿದ್ದೇವೆಂಬ ಮಾತು ಅಲ್ಲಿದೆ. ಹಿರಿಯರು ಇಬ್ರಿಯರಿಗೆ 12:14ನ್ನು ಎತ್ತಿ, ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣರು ಎಂದು ಗದರಿಸುತ್ತಾರಂತೆ. ಅದು ನಿಜವೇ, ಆದರೆ ಅದರ ಬೆನ್ನಿಗೇ ಇರುವ ಹದಿನೈದನೆಯ ವಚನವು ದೇವರ ಕೃಪೆಗೆ ಯಾರೂ ತಪ್ಪಿಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಅದೇ ಸಭೆಯ ಹೆಗಲಿಗೆ ಹೊರಿಸುತ್ತದೆ. ಇಡೀ ಕನ್ನಡ ಬೈಬಲ್ 1831ರಲ್ಲಿ ಅಚ್ಚಾಗಿ ಹೊರಬಂದದ್ದು ನಿಮ್ಮ ಬಳ್ಳಾರಿಯಲ್ಲಿ. ಅಂಥ ಊರಿನ ಮಗ್ಗುಲಲ್ಲಿ ಕುಳಿತು ಅರ್ಧ ವಾಕ್ಯ ಹಿಡಿದುಕೊಂಡು ಜಗಳವಾಡುವುದು ಶೋಭೆಯಲ್ಲ. (ಮುಂದಿನ ವಚನವನ್ನೂ ಓದಿಸುವುದು ಮೇಷ್ಟ್ರ ಹಳೆಯ ಚಟ, ಸಹಿಸಿಕೋ.)

ಈ ಜಗಳ ಹೊಸದೂ ಅಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸನು ಸಾಮ್ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೆ ಅಧಿಕಾರಿಗಳಿಂದ ಬರಹದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ, ಕೆಲವು ಕ್ರೈಸ್ತರು ಪ್ರಾಣಕೊಟ್ಟರು, ಅನೇಕರು ಹೆದರಿ ಬಲಿ ಅರ್ಪಿಸಿದರು, ಇನ್ನು ಕೆಲವರು ಬಲಿ ಅರ್ಪಿಸದೆ ಲಂಚಕೊಟ್ಟು ಪತ್ರವನ್ನಷ್ಟೇ ಕೊಂಡರು. ಹಿಂಸೆ ತಗ್ಗಿದ ಮೇಲೆ ಬಿದ್ದವರೆಲ್ಲ ಅಳುತ್ತ ಸಭೆಯ ಬಾಗಿಲಿಗೆ ಬಂದರು. ರೋಮಿನಲ್ಲಿ ನೊವೇಶಿಯನ್ ಎಂಬ ವಿದ್ವಾಂಸನು ಇಂಥವರನ್ನು ಮರಳಿ ಸೇರಿಸಿಕೊಳ್ಳಲೇಬಾರದೆಂದು ಹಟ ಹಿಡಿದು, 251ರಲ್ಲಿ ಅಲ್ಲಿನ ಬಿಷಪನಿಗೆ ಎದುರಾಗಿ ತಾನೂ ಬಿಷಪನಾಗಿ ನಿಂತು ಸಭೆಯನ್ನೇ ಒಡೆದನು. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಕೆಲವರು ತದ್ವಿರುದ್ಧವಾಗಿ ನಡೆದು, ಮಾನಸಾಂತರದ ಸುಳಿವೂ ಕೇಳದೆ ಬಂದವರನ್ನೆಲ್ಲ ತಕ್ಷಣ ಪ್ರಭುಭೋಜನಕ್ಕೆ ಕೂರಿಸಿದರು. ಅಲ್ಲಿನ ಬಿಷಪ್ ಸಿಪ್ರಿಯನ್ ಈ ಎರಡಕ್ಕೂ ಒಪ್ಪಲಿಲ್ಲ. ಬಲಿ ಕೊಟ್ಟವನನ್ನೂ ಪತ್ರ ಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ, ಪ್ರತಿಯೊಬ್ಬನ ಸಂಗತಿಯನ್ನು ಬೇರೆಬೇರೆಯಾಗಿ ವಿಚಾರಿಸಿ, ಪಶ್ಚಾತ್ತಾಪಕ್ಕೆ ಕಾಲ ಗೊತ್ತುಮಾಡಿ, ಸಾವಿನ ಅಂಚಿನಲ್ಲಿರುವವರಿಗೆ ಆ ಕಾಲವನ್ನೂ ಮೊಟಕುಗೊಳಿಸಿದನು. ಮತ್ತೊಂದು ಹಿಂಸೆಯ ಸೂಚನೆ ಕಂಡಾಗ ಅವನೂ ಅವನ ಜೊತೆಯ ಬಿಷಪರೂ ಪಶ್ಚಾತ್ತಾಪದಲ್ಲಿದ್ದವರೆಲ್ಲರನ್ನೂ ಸೇರಿಸಿಕೊಂಡರು. ಕರ್ತನ ಮೇಜಿನ ಬಲವಿಲ್ಲದೆ ಅವರನ್ನು ಆ ಹೋರಾಟಕ್ಕೆ ಕಳುಹಿಸುವುದು ಹೇಗೆಂಬುದು ಅವರ ಚಿಂತೆಯಾಗಿತ್ತು. ಮೆತ್ತಗಿನ ಮನುಷ್ಯನೆಂದು ಸಿಪ್ರಿಯನನನ್ನು ಯಾರೂ ಹಳಿಯಲಾರರು. 258ರಲ್ಲಿ ಅವನು ತನ್ನ ತಲೆಯನ್ನೇ ಕೊಟ್ಟನು. ನೊವೇಶಿಯನ್ ನಿಯಮವನ್ನು ನೋಡಿದನು, ಸಿಪ್ರಿಯನ್ ನಿಯಮವನ್ನು ಕೈಬಿಡದೆ ಮನುಷ್ಯನನ್ನು ನೋಡಿದನು ಎಂದು ನಾನು ತಿಳಿದುಕೊಂಡಿದ್ದೇನೆ.

ಈಗ ನಿನ್ನ ಮೂರು ಹೆಸರುಗಳಿಗೆ ಬರುತ್ತೇನೆ.

ಗುಳೆ ಹೋಗಿ ಬಂದ ಕುಟುಂಬದ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಮಳೆ ಕೈಕೊಟ್ಟು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರು ಆರಾಧನೆಗೆ ಬರಲಿಲ್ಲ, ಚಂದಾ ಕಟ್ಟಲಿಲ್ಲವೆಂದು ಅವರನ್ನು ಶಿಸ್ತಿಗೆ ಒಳಪಡಿಸುವುದು ಪರಿಶುದ್ಧತೆಯ ಪ್ರಶ್ನೆಯೇ ಅಲ್ಲ, ಅದು ಲೆಕ್ಕದ ಪುಸ್ತಕದ ಪ್ರಶ್ನೆ. ಅವರ ಹೆಸರನ್ನು ಪಟ್ಟಿಯಿಂದ ತೆಗೆಸು.

ಟಿಪ್ಪರ್ ಓಡಿಸುವ ಆ ಹುಡುಗನ ಕುಡಿತ ಬೇರೆ ಸಂಗತಿ. ಅವನು ಕುಡಿದು ಗಾಡಿ ಹತ್ತಿದರೆ ಇನ್ನೊಬ್ಬರ ಮನೆಯ ದೀಪ ಆರಬಹುದು. ಇದನ್ನು ಕೃಪೆಯ ಹೆಸರಿನಲ್ಲಿ ಹಗುರ ಮಾಡಬೇಡ. ಆದರೆ ಗಲಾತ್ಯದವರಿಗೆ 6:1 ಹೇಳುವಂತೆ, ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಶಾಂತಭಾವದಿಂದ ತಿದ್ದುವ ಕೆಲಸ ಆತ್ಮಿಕರದು. ಸದ್ಯಕ್ಕೆ ಅವನು ಗಾಯನ ತಂಡವನ್ನು ನಡೆಸುವುದು ಬೇಡ, ಆದರೆ ಸಭೆಯಿಂದ ಅವನನ್ನು ಕಳಚಿಹಾಕುವುದೂ ಬೇಡ. ಇನ್ನೊಂದು ಮಾತನ್ನು ಮರೆಯಬೇಡ: ಬಹುಕಾಲ ವಿಪರೀತ ಕುಡಿದವನನ್ನು ಒಂದೇ ಏಟಿಗೆ ಬಿಡಿಸಿದರೆ ಮೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಉಪವಾಸ ಪ್ರಾರ್ಥನೆಗೆಂದು ಕೋಣೆಯಲ್ಲಿ ಕೂಡಿಹಾಕುವವರ ಮಾತು ಕೇಳದೆ, ಮೊದಲು ವೈದ್ಯರ ಬಳಿಗೆ ನೀನೇ ಜೊತೆಯಲ್ಲಿ ಹೋಗು. ಪ್ರಾರ್ಥನೆಯನ್ನು ಆಸ್ಪತ್ರೆಯಲ್ಲೂ ಮಾಡಬಹುದು.

ಮೂರನೆಯ ಹೆಸರನ್ನು ಓದಿದಾಗ ನನಗೆ ಕೋಪ ಬಂತೆಂದು ಮರೆಮಾಚದೆ ಬರೆಯುತ್ತೇನೆ. ಚಿಕ್ಕವಯಸ್ಸಿನಲ್ಲಿ ಹೆತ್ತವರೇ ಮುತ್ತು ಕಟ್ಟಿಸಿ ದೇವದಾಸಿ ಮಾಡಿದ ಹೆಣ್ಣುಮಗಳು ಈಗ ಆ ಬಾಳನ್ನು ಬಿಟ್ಟು, ಇಬ್ಬರು ಮಕ್ಕಳನ್ನು ಕರೆದುಕೊಂಡು ದೀಕ್ಷಾಸ್ನಾನ ಕೇಳಿ ಬಂದರೆ, ಕಮಿಟಿಯವರು ಸಭೆಯ ಮಾನದ ಪ್ರಶ್ನೆ ಎತ್ತುತ್ತಾರೆ! ಹಾಗೆ ಸಮರ್ಪಿಸುವುದನ್ನು ನಮ್ಮ ರಾಜ್ಯವು 1982ರ ಕಾಯ್ದೆಯಲ್ಲಿ ನಿಷೇಧಿಸಿದರೂ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಅದರ ಗಾಯ ಹೊತ್ತು ಬದುಕುತ್ತಿರುವ ಹೆಂಗಸರು ಇಂದಿಗೂ ಇದ್ದಾರೆ. ಆಕೆಯ ಬಾಳಿನಲ್ಲಿ ನಡೆದ ಪಾಪದಲ್ಲಿ ಆಕೆಯ ಪಾಲಿಗಿಂತ ಬೇರೆಯವರ ಪಾಲು ದೊಡ್ಡದು. ಆಕೆಯ ಬಾಗಿಲಿಗೆ ಹೋಗಿ ಬಂದವರ ಹೆಸರನ್ನು ಯಾವ ಕಮಿಟಿಯೂ ಈವರೆಗೆ ವಿಚಾರಿಸಿಲ್ಲ. ಬೇರೆ ಅಭ್ಯರ್ಥಿಗಳಿಗೆ ಎಷ್ಟು ದಿನ ಬೋಧನೆ ಕೊಡುತ್ತೀಯೋ ಅಷ್ಟೇ ದಿನ ಆಕೆಗೂ ಕೊಡು, ಒಂದು ದಿನ ಹೆಚ್ಚಾಗಲಿ ಕಡಿಮೆಯಾಗಲಿ ಬೇಡ. ಎರಿಕೋವಿನ ವೇಶ್ಯೆಯಾಗಿದ್ದ ರಾಹಾಬಳ ಹೆಸರನ್ನು ಕರ್ತನ ವಂಶಾವಳಿಯಲ್ಲಿ ಬರೆಯಲು ಮತ್ತಾಯನು ನಾಚಲಿಲ್ಲವೆಂಬುದನ್ನು ಹಿರಿಯರಿಗೆ ಮೆಲ್ಲಗೆ ನೆನಪಿಸು.

ಪಟ್ಟಿಯಲ್ಲಿ ಇರಬೇಕಾಗಿದ್ದು ಇಲ್ಲದ ಹೆಸರೂ ಒಂದಿದೆ ಎಂದು ನಿನ್ನ ಪತ್ರದ ಕಡೆಯ ಪುಟದಿಂದ ತಿಳಿಯಿತು. ಮೊದಲ ಬೆಂಚಿನಲ್ಲಿ ಕೂರುವ, ಕ್ರಿಸ್ಮಸ್ಸಿಗೆ ದೊಡ್ಡ ಕಾಣಿಕೆ ಕೊಡುವ ಆ ಗುತ್ತಿಗೆದಾರರು ಕೂಲಿಗಳ ಬಟವಾಡೆಯನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತಾರಂತೆ. ನಮ್ಮ ಸಭೆಗಳಲ್ಲಿ ಪರಿಶುದ್ಧತೆ ಎಂದರೆ ಕುಡಿತ, ಸಿನಿಮಾ, ಹೆಣ್ಣುಮಕ್ಕಳ ಉಡುಪು, ಇಷ್ಟಕ್ಕೇ ನಿಂತುಹೋಗಿದೆ. ಯಾಜಕಕಾಂಡದ 19ನೆಯ ಅಧ್ಯಾಯವು ಪರಿಶುದ್ಧರಾಗಿರಬೇಕೆಂಬ ಆಜ್ಞೆಯಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆ ನೋಡು: ಹೊಲದ ಅಂಚಿನ ಬೆಳೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು, ತಕ್ಕಡಿ ಕಲ್ಲು ಸರಿಯಾಗಿರಬೇಕು. ಹತ್ತಿ ತೂಗುವ ರಾಯಚೂರಿಗೂ, ಜೀನ್ಸ್ ಹೊಲಿಯುವ ಬಳ್ಳಾರಿಗೂ ಇದಕ್ಕಿಂತ ನೇರವಾದ ಮಾತು ಬೇಕೆ? ಆ ಗುತ್ತಿಗೆದಾರರನ್ನು ಪೀಠದಿಂದ ಚುಚ್ಚಿ ಮಾತನಾಡಬೇಡ. ಮತ್ತಾಯ 18:15ರ ಪ್ರಕಾರ ಅವರ ಮನೆಗೆ ಒಬ್ಬನೇ ಹೋಗಿ, ಯಾರೂ ಇಲ್ಲದಾಗ ಹೇಳು. ಕಾಣಿಕೆ ನಿಂತುಹೋದೀತೆಂಬ ಭಯ ನಿನ್ನ ಖಜಾಂಚಿಗೆ ಇದ್ದೇ ಇರುತ್ತದೆ, ನಿನಗೆ ಇರಬಾರದು.

ಯೌವನಸ್ಥರಿಗೂ ಒಂದು ಮಾತು ಬೇಕು. ಕ್ಷಮೆ ಎಂದರೆ ಮುಚ್ಚಿಹಾಕುವುದಲ್ಲ ಎಂದು ಅವರಿಗೆ ಬಿಡಿಸಿ ಹೇಳು. ಸಭೆಯ ಹಣ ತಿಂದವನು ಕಣ್ಣೀರಿಟ್ಟರೆ ಆ ದಿನವೇ ಕ್ಷಮಿಸಬಹುದು, ಆದರೆ ಲೆಕ್ಕದ ಪುಸ್ತಕವನ್ನು ಮತ್ತೆ ಅವನ ಕೈಗೆ ಕೊಡಬೇಕಾಗಿಲ್ಲ. ಸುಂಕದವನಾದ ಜಕ್ಕಾಯನು ಕೃಪೆ ಸಿಕ್ಕಿತೆಂದು ಸುಮ್ಮನಾಗದೆ, ಅನ್ಯಾಯವಾಗಿ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಮುಂದೆ ಬಂದನು. ಭಾನುವಾರದ ಶಾಲೆಯಲ್ಲಾಗಲಿ ಹಾಸ್ಟೆಲಿನಲ್ಲಾಗಲಿ ಮಗುವಿನ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ನಡೆಸಿದ ಸುದ್ದಿ ನಿನ್ನ ಕಿವಿಗೆ ಬಿದ್ದರೆ, ಕಮಿಟಿ ಕರೆದು ರಾಜಿ ಮಾಡುವ ಅಧಿಕಾರ ನಿನಗೂ ಇಲ್ಲ, ಬಿಷಪರಿಗೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ನಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಂಥ ಕಡೆ ಕೃಪೆಯ ಮೊದಲ ಹಕ್ಕು ಆ ಮಗುವಿನದು.

ಶಿಸ್ತು ಅನಿವಾರ್ಯವಾದಾಗ ಅದಕ್ಕೊಂದು ಕೊನೆಯೂ ಇರಲಿ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪೌಲನು ಒಬ್ಬನನ್ನು ಹೊರಗಿಡಲು ಹೇಳಿದ್ದು ಕಮಿಟಿಯವರಿಗೆಲ್ಲ ಗೊತ್ತು. ಎರಡನೆಯ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಅವನೇ, ಶಿಕ್ಷೆಗೆ ಒಳಗಾದವನು ಅತಿಯಾದ ದುಃಖದಲ್ಲಿ ಮುಳುಗದಂತೆ ಈಗ ಅವನನ್ನು ಕ್ಷಮಿಸಿ ಸಂತೈಸಿರಿ ಎಂದು ಬರೆಯುತ್ತಾನೆ. ಆ ಇಬ್ಬರೂ ಒಬ್ಬನೇ ಮನುಷ್ಯನೋ ಅಲ್ಲವೋ ಎಂದು ಪಂಡಿತರು ಚರ್ಚಿಸುತ್ತಾರೆ; ಪಾಲಕನಿಗೆ ಆ ಚರ್ಚೆಗಿಂತ, ಹೊರಗಿಟ್ಟವನನ್ನು ಮರಳಿ ಕರೆಯುವ ದಿನವನ್ನೂ ಕಮಿಟಿಯ ನಡಾವಳಿಯಲ್ಲಿ ಬರೆದಿಡುವುದು ಮುಖ್ಯ. ಮೆಥೋಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯ ಕಾಲದಲ್ಲಿ, 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಕೂಡಿಸಲೆಂದು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿದರು; ಹಣಕ್ಕಾಗಿ ಮನೆಮನೆಗೆ ಹೋದ ಮುಖಂಡರು ಅಲ್ಲಿನವರ ಬಾಳನ್ನು ಕಂಡು, ಅದೇ ಗುಂಪುಗಳನ್ನು ಒಬ್ಬರ ಆತ್ಮವನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟಗಳಾಗಿ ಮಾಡಿಕೊಂಡರು. ನಿನ್ನ ಸಭೆಯಲ್ಲಿ ಮನೆ ಪ್ರಾರ್ಥನೆಗಳು ನಡೆಯುತ್ತವೆ, ಆದರೆ ಹಾಡು, ಪ್ರಸಂಗ, ಚಹಾ ಮುಗಿದೊಡನೆ ಎಲ್ಲರೂ ಎದ್ದುಹೋಗುತ್ತಾರೆ. ಅವುಗಳಲ್ಲಿ ಎರಡನ್ನಾದರೂ ಚಿಕ್ಕ ಗುಂಪುಗಳಾಗಿ ಮಾಡಿ, ಹಿರಿಯರನ್ನೂ ಯೌವನಸ್ಥರನ್ನೂ ಬೆರೆಸಿ ಕೂರಿಸಿದರೆ, ಕುಡಿಯುವ ಹುಡುಗನ ಸಂಗತಿ ಕಮಿಟಿಯ ಮೇಜಿಗೆ ಬರುವ ಮೊದಲೇ ಅವನ ನೆರೆಯವನಿಗೆ ಗೊತ್ತಾಗುತ್ತದೆ.

ಮುಂದಿನ ಕಮಿಟಿ ಸಭೆಗೆ ಮೊದಲು ಆ ಮೂರು ಮನೆಗಳಿಗೂ, ಪಟ್ಟಿಯಲ್ಲಿಲ್ಲದ ನಾಲ್ಕನೆಯ ಮನೆಗೂ ಹೋಗಿ ಬಾ. ಆ ಹೆಣ್ಣುಮಗಳ ಮನೆಗೆ ಹೋಗುವಾಗ ನಿನ್ನ ಹೆಂಡತಿಯನ್ನೋ ಸ್ತ್ರೀಯರ ಸಂಘದ ಹಿರಿಯರೊಬ್ಬರನ್ನೋ ಜೊತೆಗೆ ಕರೆದುಕೊಂಡು ಹೋಗು, ಹಗಲು ಹೊತ್ತಿನಲ್ಲಿ ಹೋಗು. ದೀಕ್ಷಾಸ್ನಾನದ ದಿನ ಗೊತ್ತಾದರೆ ನನಗೆ ಬರೆ. ಮೊಣಕಾಲು ನೋವಿದ್ದರೂ ಬಸ್ಸಿನಲ್ಲಿ ಬರಬಲ್ಲೆ, ಮತ್ತು ಆಕೆಯ ಮಕ್ಕಳಿಗೆ ದೀಕ್ಷಾಸ್ನಾನದಲ್ಲಿ ಹೊಣೆ ನಿಲ್ಲುವ ಜ್ಞಾನಪಿತೃ ಬೇಕಾದರೆ ನನ್ನ ಹೆಸರನ್ನೇ ಬರೆದುಕೋ. ನನ್ನ ಸೊಸೆಗೂ ಮೊಮ್ಮಗಳಿಗೂ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ