ಟೇಪ್ ಅಂಟಿಸುವ ಮುಂಚೆ ಓದು

ದಾವಣಗೆರೆ
ದೀಪಾವಳಿ ಮುಗಿದ ಮೂರನೇ ದಿನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಗುವಿಗೆ ಥಂಡಿ ಆಗಬಾರದು ಅಂತ ಕಿಟಕಿ, ವೆಂಟಿಲೇಟರ್ ಎಲ್ಲಕ್ಕೂ ರಟ್ಟು ಇಟ್ಟು ಟೇಪ್ ಅಂಟಿಸುತ್ತೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಕಿಟಕಿಗೆ ಏನಾದರೂ ಮಾಡು, ವೆಂಟಿಲೇಟರ್ ಮುಟ್ಟಬೇಡ.

ನಿಮ್ಮ ಚಿತ್ರದುರ್ಗದಲ್ಲಿ ಚಳಿಗಿಂತ ಗಾಳಿಯ ಕಾಟ ಜಾಸ್ತಿ. ಸುತ್ತಲಿನ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿದ್ದಾರಾ? ಈಗ ಗಾಳಿ ಮೂಡಲಿಂದ ಬೀಸುತ್ತದೆ. ಆ ಕಡೆಯ ಕಿಟಕಿಗಳನ್ನು ಮೊದಲು ನೋಡು. ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿ. ಹೊಗೆ ಎಲ್ಲಿ ಅಡ್ಡ ಓಡುತ್ತದೋ ಅಲ್ಲಿ ಸಂದಿ ಇದೆ. ಅಷ್ಟಕ್ಕೆ ಮಾತ್ರ ಟೇಪ್ ಸಾಕು. ಬಾಗಿಲ ಕೆಳಗೆ ಹಳೇ ಸೀರೆ ಸುರುಳಿ ಸುತ್ತಿ ಇಡು. ದಕ್ಷಿಣದ ಕಿಟಕಿ ಹಗಲೆಲ್ಲ ತೆರೆದಿರಲಿ. ಈ ತಿಂಗಳುಗಳಲ್ಲಿ ಸೂರ್ಯ ಆ ಕಡೆ ವಾಲಿರುತ್ತಾನೆ, ಬಿಸಿಲು ನಡುಮನೆವರೆಗೂ ಬರುತ್ತದೆ. ಹೊತ್ತು ಮುಳುಗುತ್ತಲೇ ಪರದೆ ಎಳೆದುಬಿಡು.

ವೆಂಟಿಲೇಟರ್ ಯಾಕೆ ಬೇಡ ಅಂದರೆ, ನನ್ನ ಎರಡನೇ ಬಾಣಂತನ ದುರ್ಗದಲ್ಲೇ ಆಯಿತು. ಪುಷ್ಯ ಮಾಸ. ಕೋಣೆಯ ಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿ, ಮಂಚದ ಪಕ್ಕ ಇದ್ದಿಲ ಅಗ್ಗಿಷ್ಟಿಕೆ ಇಟ್ಟಿದ್ದರು. ಹೊಗೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ಬೆಳಗಿನ ಜಾವ ಅಮ್ಮ ಕಷಾಯ ತಂದಾಗ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಮಗು ಹಾಲಿಗೂ ಅಳದೆ ಮಲಗಿತ್ತು. ಅಮ್ಮ ಬಾಗಿಲು ಪೂರ್ತಿ ತೆಗೆದಳು, ನಮ್ಮಿಬ್ಬರನ್ನೂ ಪಡಸಾಲೆಗೆ ತಂದಳು. ಉಳಿದೆವು. ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು! ಅದು ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದೇ ಹೋದವರೂ ಇದ್ದಾರೆ.

ಈಗ ಅಗ್ಗಿಷ್ಟಿಕೆ ಯಾರಿಡುತ್ತಾರೆ ಅನ್ನಬೇಡ. ನಿಮ್ಮ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಲ್ಲ, ಅದೂ ಅದೇ ಜಾತಿ. ಬಚ್ಚಲು ಚಿಕ್ಕದು, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಬಿಸಿನೀರು ಬಿಟ್ಟರೆ ಒಳಗಿನ ಗಾಳಿಯನ್ನೆಲ್ಲ ಉರಿಯೇ ತಿನ್ನುತ್ತದೆ. ಮನೆ ಓನರ್‌ಗೆ ಹೇಳಿ ಅದನ್ನು ಹೊರಗಿನ ಗೋಡೆಗೆ ಹಾಕಿಸು. ಬಾಡಿಗೆದಾರರು ಹೇಗೆ ಕೇಳೋದು ಅಂತ ಸಂಕೋಚ ಪಡಬೇಡ. ಅಲ್ಲಿವರೆಗೆ ಅಡಿಗೆಮನೆಯಲ್ಲಿ ನೀರು ಕಾಯಿಸಿ ತಗೊಂಡು ಹೋಗಿ ಸ್ನಾನ ಮಾಡಿ. ಬಕೆಟ್ ನೀರಿಗೆ ಇಳಿಬಿಡುವ ಕರೆಂಟ್ ಕಾಯಿಲ್ ಬಳಸಿದರೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ಬಕೆಟ್ ಮುಟ್ಟು. ಬೋರ್ ನೀರಿನ ಸುಣ್ಣ ಅದಕ್ಕೆ ದಪ್ಪಗೆ ಕಟ್ಟಿದ್ದರೆ ಬಿಸಿ ಆಗೋದು ನಿಧಾನ, ಕರೆಂಟೂ ದಂಡ.

ಹಾಸಿಗೆ, ದಿಂಬು ಬಿಸಿಲಿಗೆ ಹಾಕು. ಕೊಬ್ಬರಿ ಎಣ್ಣೆ ಶೀಶೆಯನ್ನೂ ಅಲ್ಲೇ ಇಡು, ಬೆಳಗ್ಗೆ ಗಟ್ಟಿಯಾಗಿ ಕೂತಿರುತ್ತದೆ. ನಿಮ್ಮಿಬ್ಬರಿಗೆ ಚಳ್ಳಕೆರೆ ಕಂಬಳಿ ತಗೊಳ್ಳಿ. ಚುಚ್ಚುತ್ತದೆ, ನಿಜ, ಒಳಗೆ ಹತ್ತಿ ಹೊದಿಕೆ ಇರಲಿ. ಮಗುವಿಗೆ ಕಂಬಳಿ ಬೇಡ. ನನ್ನ ಹಳೇ ಸೀರೆಗಳಲ್ಲಿ ಒಂದು ಸಣ್ಣ ಕೌದಿ ಹೊಲಿಯುತ್ತಿದ್ದೇನೆ, ಅಂಚು ಬಾಕಿ. ಭಾನುವಾರ ನಿನ್ನ ದೊಡ್ಡಪ್ಪ ತರುತ್ತಾರೆ. ಬಂದ ತಕ್ಷಣ ಗೀಸರ್ ಎಲ್ಲಿದೆ ಅಂತ ನೋಡಿ ಬಾ ಅಂದಿದ್ದೇನೆ.

ನಿನ್ನ ದೊಡ್ಡಮ್ಮ