ಫೋಟೋ ಹೇಗಿದೆ ಅಂತ ಕೇಳಿದವರಿಗೆ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನ ಗೆಳತಿ ತಾನು ತೆಗೆದ ಅಜ್ಜಿಯ ಫೋಟೋ ಕಳಿಸಿ "ನಿಜ ಹೇಳು, ಹೇಗಿದೆ?" ಅಂತ ಕೇಳಿದ್ದಾಳೆ. ಏನು ಹೇಳಲಿ ಅಂತ ನೀನು ನನ್ನನ್ನು ಕೇಳುತ್ತಿದ್ದೀಯ. ಚೆನ್ನಾಗಿದೆ ಅಂದರೆ ಅರ್ಧ ಸುಳ್ಳು, ತಪ್ಪು ತೋರಿಸಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅನ್ನೋದು ನಿನ್ನ ಸಂಕಟ. ಆದರೆ ಅವಳಿಗೆ ಬೇಕಾಗಿರುವುದು ಮಾರ್ಕ್ಸ್ ಅಲ್ಲ. ಫೋಟೋ ತೆಗೆಯುವಾಗ ಅವಳು ಅಲ್ಲೇ ಇದ್ದಳು. ಆ ಹೊತ್ತಿನ ಮಾತು, ನಗು, ಅಜ್ಜಿಯ ಗೊಣಗಾಟ ಎಲ್ಲ ಅವಳ ತಲೆಯಲ್ಲಿದೆ. ಅದರಲ್ಲಿ ಎಷ್ಟು ಫೋಟೋದೊಳಗೆ ಬಂತು, ಎಷ್ಟು ಹೊರಗೇ ಉಳಿಯಿತು ಅಂತ ಅವಳಿಗೆ ಕಾಣಿಸುವುದಿಲ್ಲ. ಅಲ್ಲಿ ಇಲ್ಲದಿದ್ದ ನಿನಗೆ ಕಾಣಿಸುತ್ತದೆ. ನೀನು ಕೊಡಬಹುದಾದದ್ದು ಅದೇ, ಮತ್ತು ಅದನ್ನು ಅವಳೊಬ್ಬಳೇ ಕೂತು ಸಂಪಾದಿಸಿಕೊಳ್ಳೋಕೆ ಆಗುವುದಿಲ್ಲ.

ಅಭಿಪ್ರಾಯಕ್ಕೆ ಮೊದಲು ನೋಡುವ ಕೆಲಸ ಇದೆ. ನಾವು ಅದನ್ನೇ ಹಾರಿಸಿಬಿಡುತ್ತೇವೆ. ನಡೆಯುತ್ತಾ, ಬಿಸಿಲಲ್ಲಿ, ಫೋನಿನ ಪರದೆಯಲ್ಲಿ ನೋಡಿ ಏನೂ ಹೇಳಬೇಡ. ಪರದೆಯ ಬ್ರೈಟ್‌ನೆಸ್ ಕಡಿಮೆ ಇದ್ದರೆ ಒಳ್ಳೆ ಫೋಟೋನೂ ಕತ್ತಲೆ ಕತ್ತಲೆ ಕಾಣುತ್ತದೆ. ಇನ್ನೊಂದು ವಿಷಯ: ಮೆಸೇಜಿನಲ್ಲಿ ಬರುವ ಫೋಟೋವನ್ನು ಆ ಆ್ಯಪ್ ಸಾಮಾನ್ಯವಾಗಿ ಕುಗ್ಗಿಸಿ ಕಳಿಸುತ್ತದೆ. ಸಣ್ಣ ವಿವರಗಳು ಅಲ್ಲೇ ಅಳಿಸಿಹೋಗುತ್ತವೆ. ಅದನ್ನು ಹಿಗ್ಗಿಸಿ ನೋಡಿ "ಶಾರ್ಪ್ ಇಲ್ಲ" ಅನ್ನೋದು ಅನ್ಯಾಯ. ಒರಿಜಿನಲ್ ಫೈಲ್ ಕೇಳು. ಸ್ವಲ್ಪ ದೊಡ್ಡ ಪರದೆಯಲ್ಲಿ ತೆಗೆದು, ಒಂದೆರಡು ನಿಮಿಷ ಬಾಯಿ ಮುಚ್ಚಿಕೊಂಡು ನೋಡು. ಫೋಟೋ ಜೊತೆ ಅವಳು ಏನಾದರೂ ಬರೆದಿದ್ದರೆ ಅದನ್ನು ಆಮೇಲೆ ಓದು. ಮೊದಲೇ ಓದಿದರೆ ಅವಳು ತೋರಿಸಿದ್ದನ್ನೇ ಕಾಣುತ್ತೀಯ, ಫೋಟೋ ತೋರಿಸಿದ್ದನ್ನಲ್ಲ.

ನೋಡುವಾಗ ಒಂದನ್ನು ಹಿಡಿದುಕೋ: ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿ ತಿರುಗಿ ಎಲ್ಲಿ ನಿಂತಿತು? ಸಾಮಾನ್ಯವಾಗಿ ಕಣ್ಣು ಬೆಳಕು ಜಾಸ್ತಿ ಇರುವ ಕಡೆ ಓಡುತ್ತದೆ. ಮುಖ ಇದ್ದರೆ ಮುಖದ ಕಡೆ, ಅಕ್ಷರ ಇದ್ದರೆ ಅದನ್ನು ಓದೋಕೆ. ಫೋಟೋ ತೆಗೆದವರು ಬೇರೆ ಕಡೆ ನೋಡಲಿ ಅಂದುಕೊಂಡಿದ್ದರೂ ಕಣ್ಣು ಕೇಳುವುದಿಲ್ಲ.

ಈಗ ಅವಳ ಫೋಟೋನೇ ತೆಗೆದುಕೊಳ್ಳೋಣ. ಅಜ್ಜಿ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ನನ್ನ ಕಣ್ಣು ಮೊದಲು ಹೋಗಿದ್ದು ಬೆರಳಿಗೂ ಅಲ್ಲ, ಮುಖಕ್ಕೂ ಅಲ್ಲ. ಬಲಗಡೆ ಅಂಚಿನಲ್ಲಿ ಅರ್ಧ ಕಾಣುವ ಬಿಳಿ ಬಕೆಟ್ಟಿಗೆ. ಅಲ್ಲಿಂದ ಕಿಟಕಿಗೆ. ಕಿಟಕಿಯಾಚೆ ಏನೂ ಇಲ್ಲ, ಬರೀ ಬಿಳುಪು. ಅಷ್ಟಾದ ಮೇಲೆ ಬೆರಳುಗಳ ಹತ್ತಿರ ಬಂದು, ಅಲ್ಲೇ ನಿಂತುಬಿಟ್ಟಿತು. ಒದ್ದೆ ಮಾಡಿ ಹೊಸೆದ ದಾರದ ತುದಿ ಸೂಜಿಯ ಕಣ್ಣಿಗೆ ಇನ್ನೇನು ತಾಗಬೇಕು. ಹೆಬ್ಬೆರಳಿನ ಉಗುರಿನ ಮೇಲೆ ಕಿಟಕಿ ಬೆಳಕು ಒಂದು ಗೆರೆಯಾಗಿ ಬಿದ್ದಿದೆ. ಅಜ್ಜಿಯ ತುಟಿ ಒಂಚೂರು ಬಿಗಿದಿದೆ, ತಾವೇ ಉಸಿರು ಹಿಡಿದ ಹಾಗೆ. ಮುಖ ಮಾತ್ರ ಸ್ವಲ್ಪ ಮಸುಕು.

ನೋಡು, ಇಷ್ಟರಲ್ಲಿ ನಾನು ಒಳ್ಳೆಯದು ಕೆಟ್ಟದ್ದು ಅಂತ ಏನೂ ಹೇಳಿಲ್ಲ. ಆದರೂ ಅವಳಿಗೆ ಬೇಕಾದ್ದು ಬಹುಪಾಲು ಇದರಲ್ಲೇ ಇದೆ. ಬಕೆಟ್ ಅವಳು ಗಮನಿಸಿರಲೇ ಇಲ್ಲ ಅಂತ ನನ್ನ ಅಂದಾಜು. ಉಗುರಿನ ಮೇಲಿನ ಆ ಬೆಳಕನ್ನೂ ಗಮನಿಸಿರಲಿಕ್ಕಿಲ್ಲ, ಅದು ಅದೃಷ್ಟಕ್ಕೆ ಬಂದಿರಬಹುದು. ಇವತ್ತು ನೀನು ಹೇಳಿದರೆ ಇನ್ನೊಂದು ಸಲ ಅವಳೇ ಹುಡುಕಿಕೊಂಡು ಹೋಗುತ್ತಾಳೆ. ಹೊಗಳಿಕೆಯ ನಿಜವಾದ ಉಪಯೋಗ ಇದು. ಸುಮ್ನೆ "ಸಖತ್" ಅಂದರೆ ಖುಷಿಯಾಗುತ್ತದೆ, ಆದರೆ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲ.

ಎಡ್ಮಂಡ್ ಫೆಲ್ಡ್‌ಮನ್ ಅಂತ ಅಮೆರಿಕದ ಒಬ್ಬ ಕಲಾ ಶಿಕ್ಷಕರು ಇದಕ್ಕೆ ನಾಲ್ಕು ಮೆಟ್ಟಿಲು ಹಾಕಿಕೊಟ್ಟಿದ್ದರು: ಕಂಡದ್ದನ್ನು ಹೇಳು, ಅವು ಹೇಗೆ ಜೋಡಿಸಿಕೊಂಡಿವೆ ನೋಡು, ಏನು ಅನ್ನಿಸುತ್ತದೆ ಹೇಳು, ಕೊನೆಗೆ ತೀರ್ಪು. ತೀರ್ಪು ಕೊನೆಯಲ್ಲಿದೆ, ಗಮನಿಸು. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.

ಮಸುಕಿನ ವಿಷಯಕ್ಕೆ ಬರೋಣ. "ಬ್ಲರ್ ಆಗಿದೆ" ಅನ್ನೋದರಿಂದ ಏನೂ ಸಿಗುವುದಿಲ್ಲ. ಯಾವ ಥರ ಬ್ಲರ್ ಅಂತ ಹೇಳಬೇಕು. ಇಡೀ ಫೋಟೋ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಗೋಡೆ, ಕುರ್ಚಿ ಎಲ್ಲ ನೆಟ್ಟಗಿದ್ದು ಓಡುವ ಮಗು ಮಾತ್ರ ಕಲಸಿಹೋಗಿದ್ದರೆ ಶಟರ್, ಅಂದರೆ ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಕದ, ನಿಧಾನವಾಯಿತು. 1/30 ಸೆಕೆಂಡಿಗೆ ಓಡುವ ಮಗು ನಿಲ್ಲುವುದಿಲ್ಲ, 1/500ಕ್ಕೆ ನಿಲ್ಲಬಹುದು. ಒಂದು ಕಡೆ ಮಾತ್ರ ಚೂಪಾಗಿದ್ದು ಅದರ ಹಿಂದೆ ಮುಂದೆ ಮೆತ್ತಗಾಗಿದ್ದರೆ ಅದು ಫೋಕಸ್ಸಿನ ಕೆಲಸ. ಅಜ್ಜಿಯ ಫೋಟೋದಲ್ಲಿ ಆಗಿರುವುದು ಇದೇ. ಹತ್ತಿರದಿಂದ, ಲೆನ್ಸನ್ನು ಎಫ್ 1.8ರ ಹಾಗೆ ಅಗಲ ತೆರೆದು ತೆಗೆದಾಗ ಚೂಪಾಗಿ ಬರುವ ಜಾಗ ತುಂಬಾ ಕಿರಿದು. ಬೆರಳು ಸಿಕ್ಕರೆ ಮುಖ ಸಿಗುವುದಿಲ್ಲ. ಕಾರಣ ಹೇಳಿದರೆ ಪರಿಹಾರ ಅವಳಿಗೇ ಹೊಳೆಯುತ್ತದೆ.

ಆದರೆ ಅವಳಿಗೆ ಮುಖ ಮಸುಕಾಗೇ ಬೇಕಿತ್ತೋ ಏನೋ! ಇಲ್ಲಿ ಕೇಳಬೇಕು. "ಬೆರಳು ಮಾತ್ರ ಕಾಣಲಿ ಅಂತ ಬೇಕೂಂತಲೇ ಮಾಡಿದ್ಯಾ?" ಹೌದು ಅಂದರೆ ಮಾತು ಬೇರೆ ಕಡೆ ಹೋಗುತ್ತದೆ: ಹಾಗಾದರೆ ಮುಖ ಅಷ್ಟು ಯಾಕೆ ಬೇಕು, ಇನ್ನೂ ಹತ್ತಿರ ಹೋಗಬಹುದಿತ್ತಲ್ಲ ಅಂತ. ಇಲ್ಲ ಅಂದರೆ ಅಪರ್ಚರ್, ಅಂದರೆ ಲೆನ್ಸಿನ ತೆರಪು, ಕಿರಿದು ಮಾಡುವ ಮಾತು. ಕೇಳದೇ ಸಲಹೆ ಕೊಟ್ಟರೆ ಅವಳು ತೆಗೆಯದ ಫೋಟೋಗೆ ಸಲಹೆ ಕೊಟ್ಟ ಹಾಗೆ.

ಅಲುಗಿದ್ದೆಲ್ಲ ತಪ್ಪು ಅಂತಲೂ ಅಲ್ಲ. 1932ರಲ್ಲಿ ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣದ ಹಿಂದೆ ಆನ್ರಿ ಕಾರ್ಟಿಯೆ-ಬ್ರೆಸೋನ್ ಅನ್ನುವ ಫ್ರೆಂಚ್ ಫೋಟೋಗ್ರಾಫರ್ ತೆಗೆದ ಫೋಟೋ ಹುಡುಕಿ ನೋಡು. ನಿಂತ ನೀರಿನ ಮೇಲೆ ಒಬ್ಬ ಹಾರುತ್ತಿದ್ದಾನೆ, ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಮನುಷ್ಯ ಕಲಸಿಹೋಗಿದ್ದಾನೆ. ಅವನು ಚೂಪಾಗಿದ್ದಿದ್ದರೆ ಆ ಹಾರುವಿಕೆಯ ರಭಸ ಇಷ್ಟು ಇರುತ್ತಿತ್ತಾ? ನನಗಂತೂ ಅನುಮಾನ. ಕ್ರಾಪ್ ಮಾಡೋದು ಅಂದರೆ ಆಗದ ಕಾರ್ಟಿಯೆ-ಬ್ರೆಸೋನ್, ಈ ಫೋಟೋದ ಅಂಚನ್ನು ಮಾತ್ರ ಕತ್ತರಿಸಿದ್ದ. ಬೇಲಿಯ ಸಂದಿಯಿಂದ ತೆಗೆದಿದ್ದರಿಂದ ಎಡಗಡೆ ಬೇಲಿ ಅಡ್ಡ ಬಂದಿತ್ತು.

ಹಾಗಾಗಿ ನಿಯಮದ ಪಟ್ಟಿ ಹಿಡಿದುಕೊಂಡು ಹೋಗಬೇಡ. ಫ್ರೇಮನ್ನು ಮೂರು ಪಾಲು ಮಾಡಿ ಗೆರೆ ಮೇಲೆ ಮುಖ್ಯವಾದದ್ದನ್ನು ಇಡಬೇಕು ಅಂತಾರಲ್ಲ, ಆ ಮೂರು ಪಾಲಿನ ಲೆಕ್ಕಕ್ಕೆ ಹೆಸರಿಟ್ಟು ಬರೆದದ್ದು ಜಾನ್ ಥಾಮಸ್ ಸ್ಮಿತ್ ಅನ್ನುವ ಇಂಗ್ಲಿಷ್ ಚಿತ್ರಕಾರ, 1797ರಲ್ಲಿ. ಆಗ ಫೋಟೋ ಅನ್ನೋದೇ ಇರಲಿಲ್ಲ. ಕೆಲಸಕ್ಕೆ ಬರುವ ಲೆಕ್ಕವೇ, ಇಲ್ಲ ಅನ್ನಲ್ಲ. ಆದರೆ "ನೀನು ಮಧ್ಯದಲ್ಲಿ ಇಟ್ಟುಬಿಟ್ಟೆ" ಅನ್ನುವ ಬದಲು, ಮಧ್ಯದಲ್ಲಿ ಇಟ್ಟಿದ್ದರಿಂದ ನಿನಗೆ ಏನಾಯಿತು ಹೇಳು. ಸುತ್ತ ಖಾಲಿ ಅನ್ನಿಸಿತಾ? ಅಥವಾ ಗಂಭೀರವಾಗಿ ಕಂಡಿತಾ?

ಬಲ್ಲವರಲ್ಲೇ ಒಮ್ಮತ ಇರುವುದಿಲ್ಲ. ಡೊರೊಥಿಯಾ ಲ್ಯಾಂಗ್ ಅನ್ನುವ ಅಮೆರಿಕದ ಫೋಟೋಗ್ರಾಫರ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಬಡ ತಾಯಿ ಮತ್ತು ಮಕ್ಕಳ ಫೋಟೋ ತೆಗೆದರು. ಚಿಂತೆಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತ ಆ ತಾಯಿಯನ್ನು ನೀನೂ ನೋಡಿರುತ್ತೀಯ. ಅದರ ಕೆಳಗಿನ ಬಲ ಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಬಂದಿತ್ತು. ಲ್ಯಾಂಗ್‌ಗೆ ಅದು ಕಿರಿಕಿರಿ, ಕೆಲವು ವರ್ಷಗಳ ನಂತರ ನೆಗೆಟಿವ್‌ನಲ್ಲೇ ಅಳಿಸಿಬಿಟ್ಟರು. ಅವರು ಕೆಲಸ ಮಾಡುತ್ತಿದ್ದ ಸರ್ಕಾರಿ ಇಲಾಖೆಯ ಫೋಟೋ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್‌ಗೆ ಇದು ಸರಿಬರಲಿಲ್ಲ. ದಾಖಲೆಯ ಫೋಟೋ ತಿದ್ದಬಾರದು ಅಂತ ಅವರ ವಾದ. ನಾನು ಸ್ಟ್ರೈಕರ್ ಕಡೆ. ನೀನು ಆ ಕಡೆ ಇರಬಹುದು. ಅದಕ್ಕೇ ಹೇಳುವಾಗ "ನನಗೆ ಹೀಗೆ ಕಂಡಿತು" ಅಂತ ಸೇರಿಸು. ಅದು ವಿನಯ ತೋರಿಸೋಕೆ ಅಲ್ಲ, ವಿಷಯ ಇರುವುದೇ ಹಾಗೆ.

ಎಷ್ಟು ಹೇಳಬೇಕು? ಒಂದು, ಹೆಚ್ಚೆಂದರೆ ಎರಡು. ಅಜ್ಜಿಯ ಫೋಟೋದಲ್ಲಿ ನಾನು ಬಕೆಟ್ ಮತ್ತು ಕಿಟಕಿಯನ್ನು ಆರಿಸುತ್ತೇನೆ. ಬಕೆಟ್ಟನ್ನು ಈಗಲೇ ಕ್ರಾಪ್ ಮಾಡಿ ತೆಗೆಯಬಹುದು. ಹೇಳುವ ಮೊದಲು ಬಲ ಅಂಚಿಗೆ ಒಂದು ಕಾಗದದ ಚೂರು ಅಡ್ಡ ಹಿಡಿದು ನೋಡು, ಬೆರಳು ತಾನಾಗಿ ಮುಂದೆ ಬರುತ್ತದೆ. ಕಿಟಕಿಯ ಬಿಳುಪು ಹಾಗಲ್ಲ. ಪೂರ್ತಿ ಬಿಳಿಯಾದ ಜಾಗದಲ್ಲಿ ಫೈಲಿನೊಳಗೆ ಏನೂ ಉಳಿದಿರುವುದಿಲ್ಲ, ಆಮೇಲೆ ಎಷ್ಟು ಕತ್ತಲು ಮಾಡಿದರೂ ಬರೀ ಬೂದು ಬಣ್ಣ ಬರುತ್ತದೆ. ಅದು ಮುಂದಿನ ಸಲದ ಮಾತು: ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾದೊಳಗೆ ಬರುವ ಬೆಳಕು, ಸ್ವಲ್ಪ ಇಳಿಸಬೇಕು, ಅಥವಾ ಒಂದು ಹೆಜ್ಜೆ ಸರಿದು ಕಿಟಕಿಯನ್ನು ಫ್ರೇಮಿನಿಂದ ಆಚೆ ಇಡಬೇಕು. ಈಗ ಸರಿಪಡಿಸಬಹುದಾದದ್ದು ಯಾವುದು, ಮುಂದಿನ ಸಲಕ್ಕೆ ಯಾವುದು ಅಂತ ಬೇರೆ ಮಾಡಿ ಹೇಳದಿದ್ದರೆ ಅವಳು ರಾತ್ರಿಯಿಡೀ ಕೂತು ಆ ಕಿಟಕಿಯ ಜೊತೆ ಗುದ್ದಾಡುತ್ತಾಳೆ.

ಅವಳ ಫೋಟೋವನ್ನು ನೀನೇ ತಿದ್ದಿ "ಹೀಗೆ ಮಾಡಬೇಕಿತ್ತು" ಅಂತ ವಾಪಸ್ ಕಳಿಸಬೇಡ. ಅವಳೇ ಕೇಳಿದರೆ ಬೇರೆ. ಯಾವ ಕ್ಯಾಮೆರಾ ಅಂತಲೂ ಕೇಳಬೇಡ. ಒಳ್ಳೆ ಫೋಟೋ ತೋರಿಸಿದಾಗ "ಕ್ಯಾಮೆರಾ ಚೆನ್ನಾಗಿದೆ ಅಲ್ವಾ?" ಅನ್ನುವವರಿಗೆ, ಅಡುಗೆ ಉಂಡು ಪಾತ್ರೆ ಹೊಗಳುವವರಿಗೆ ಏನು ವ್ಯತ್ಯಾಸ?

ಇನ್ನೊಂದು ಸೂಕ್ಷ್ಮ ಇದೆ. ಫೋಟೋ ಬೇರೆ, ಫೋಟೋದಲ್ಲಿರುವವರು ಬೇರೆ. ಅಜ್ಜಿ ಸೊರಗಿದ್ದಾರೆ, ದಪ್ಪಗಾಗಿದ್ದಾರೆ, ಸೀರೆ ಹಳೇದು ಅನ್ನೋದು ಫೋಟೋ ಬಗ್ಗೆ ಆಡುವ ಮಾತಲ್ಲ. ಹಾಗೇ ಕೆಲವರು ಫೋಟೋ ತೋರಿಸುವುದು ಅಭಿಪ್ರಾಯಕ್ಕಲ್ಲ. ತೀರಿಕೊಂಡವರ ಕೊನೆಯ ಫೋಟೋ ಯಾರಾದರೂ ತೋರಿಸಿದರೆ ಹಾರಿಜಾನ್ (ದಿಗಂತದ ಗೆರೆ) ವಾಲಿದೆ ಅಂತ ಹೇಳುವ ಬಾಯಿ ನಮಗೆ ಬೇಡ. ಅನುಮಾನ ಇದ್ದರೆ ಕೇಳಿಬಿಡು, "ಅಭಿಪ್ರಾಯ ಬೇಕಾ, ಸುಮ್ನೆ ನೋಡಲಾ?" ಅಂತ. ಬೇಜಾರಾಗುವವರು ಕಡಿಮೆ. ಫೋಟೋದಲ್ಲಿರುವ ವ್ಯಕ್ತಿಗೆ ಅವಮಾನ ಆಗುವ ಹಾಗಿದ್ದರೆ ಮಾತ್ರ ಕೇಳದಿದ್ದರೂ ಹೇಳು. ನಾಲ್ಕು ಜನರ ಎದುರಿಗಲ್ಲ, ಅವರೊಬ್ಬರಿಗೇ.

ನಿನ್ನ ಗೆಳತಿಗೆ ಬರೆಯುವಾಗ ನನ್ನ ಮಾತನ್ನು ನಕಲು ಮಾಡಬೇಡ. ನಿನ್ನ ಕಣ್ಣು ಬಕೆಟ್ಟಿಗೆ ಹೋಗಿರದಿದ್ದರೆ ಬಕೆಟ್ ವಿಷಯ ಎತ್ತಲೇ ಬೇಡ. ಮತ್ತೆ ನೀನು ತೆಗೆದ ಫೋಟೋಗಳನ್ನು ನನಗೆ ಕಳಿಸಿ ತುಂಬಾ ದಿನ ಆಯಿತು. ಕಳಿಸು. ಯಾವುದಕ್ಕೆ ಅಭಿಪ್ರಾಯ ಬೇಕು, ಯಾವುದು ಅಮ್ಮ ಸುಮ್ನೆ ನೋಡಲಿ ಅಂತ, ಅದನ್ನೂ ಬರೆ.

ಪ್ರೀತಿಯಿಂದ,
ಅಮ್ಮ