ನಮ್ಮ ಹೆಸರಲ್ಲಿ ಮಾತಾಡಬೇಡ

ಉಡುಪಿ
10 ನವೆಂಬರ್ 2025

ಪ್ರೀತಿಯ ನವೀನ,

ನಿನ್ನ ಎರಡೂ ವಾಯ್ಸ್ ಮೆಸೇಜ್ ಕೇಳಿದೆ. ಫೋನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದು ಈಗ ನಿಧಾನ ಆಗಿದೆ ಅಂದಿದ್ದೆ. ನಿಧಾನವಾಗೇ ಓದು, ಅರ್ಜೆಂಟ್ ಇಲ್ಲ.

ನನಗೆ ಅರ್ಥವಾದದ್ದು ಇಷ್ಟು. ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆ ಮಾಡಬೇಕೋ ಬೇಡವೋ ಅಂತ ಇಂಗ್ಲೆಂಡಿನ ನಿಮ್ಮ ಲೀಡ್ಸ್ ಚರ್ಚ್ ಸಭೆಯ ವಿಕಾರ್, ಅಂದರೆ ಪಾದ್ರಿ, ಪಿಸಿಸಿಯನ್ನು, ಅಂದರೆ ಸಭೆಯ ಆಡಳಿತ ಸಮಿತಿಯನ್ನು, ಕೇಳುತ್ತಿದ್ದಾರೆ. ಒಂದು ಕಡೆಯವರು ನಿನ್ನ ಹತ್ತಿರ ಬಂದು, "ಇಂಡಿಯಾದ ಸಭೆಗಳು ಇದನ್ನು ಒಪ್ಪೋದಿಲ್ಲ ಅಂತ ನೀನೇ ಹೇಳಿಬಿಡು" ಅಂದಿದ್ದಾರೆ. ಇನ್ನೊಂದು ಕಡೆಯವರು, "ನಿಮ್ಮ ದೇಶದಲ್ಲಿ ಇಂಥವರಿಗೆ ಎಷ್ಟು ಕಷ್ಟ ಅಂತ ಹೇಳು" ಅಂದಿದ್ದಾರೆ. ನೀನು ನನ್ನನ್ನು ಕೇಳಿದ್ದು, "ದೊಡ್ಡಮ್ಮ, ನಮ್ಮವರ ನಿಲುವು ಏನು? ಹೇಳು, ಮೀಟಿಂಗಲ್ಲಿ ಅದನ್ನೇ ಹೇಳ್ತೇನೆ" ಅಂತ.

ಹೇಳಬೇಡ. ನಮ್ಮ ಹೆಸರಲ್ಲಿ ಏನೂ ಹೇಳಬೇಡ. ನಿನಗೆ ಅನ್ನಿಸಿದ್ದನ್ನು ನಿನ್ನದು ಅಂತಲೇ ಹೇಳು.

ಮೊದಲು, ಅಲ್ಲಿ ಕೇಳುತ್ತಿರುವುದು ಏನು ಅಂತ ಸರಿಯಾಗಿ ತಿಳಿದುಕೋ. ನಿನ್ನ ಮಾತಲ್ಲಿ ನಾಲ್ಕು ಸಲ "ಮದುವೆ" ಬಂತು. ಇದು ಮದುವೆ ಅಲ್ಲ. ಇಂಗ್ಲೆಂಡಿನಲ್ಲಿ 2013ರಲ್ಲೇ ಸಲಿಂಗ ಮದುವೆಗೆ ಕಾನೂನು ಬಂತು, ಆದರೆ ಚರ್ಚ್ ಆಫ್ ಇಂಗ್ಲೆಂಡ್ ಅದನ್ನು ಮಾಡಿಸುವ ಹಾಗಿಲ್ಲ ಅಂತ ಅದೇ ಕಾನೂನಿನಲ್ಲಿ ಇದೆ. 2023ರ ಫೆಬ್ರವರಿಯಲ್ಲಿ ಅವರ ಜನರಲ್ ಸಿನಾಡ್, ಅಂದರೆ ಇಡೀ ಸಭೆಯ ಮಹಾಸಭೆ, ಎಂಟು ಗಂಟೆಗೂ ಜಾಸ್ತಿ ವಾದ ಮಾಡಿ, 250ಕ್ಕೆ 181 ಮತಗಳಿಂದ ಒಪ್ಪಿದ್ದು ಬರೀ ಪ್ರಾರ್ಥನೆಗೆ. ಮಾಮೂಲಿ ಆರಾಧನೆಯ ನಡುವೆ ಹೇಳಬಹುದಾದ ಪ್ರಾರ್ಥನೆ. ಮದುವೆಯ ಬಗ್ಗೆ ಸಭೆಯ ಬೋಧನೆ ಹಾಗೇ ಇದೆ. ಮನಸ್ಸಿಲ್ಲದ ಪಾದ್ರಿಗೆ ಬಲವಂತವೂ ಇಲ್ಲ. ಆ ವರ್ಷ ಡಿಸೆಂಬರ್ 17ರ ಭಾನುವಾರ ಸಫೊಕ್‌ನ ಫೆಲಿಕ್ಸ್‌ಸ್ಟೋ ಊರಿನಲ್ಲಿ ಇಬ್ಬರು ಸ್ತ್ರೀ ಪಾದ್ರಿಗಳು ಮಂಡಿಯೂರಿ ಈ ಆಶೀರ್ವಾದ ಪಡೆದರು. ಇದಕ್ಕೇ ಬೇರೆ ಆರಾಧನೆ ಇಡಬೇಕು ಅಂದರೆ ಸಿನಾಡಿನಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು ಅಂತ ಬಿಷಪರು ಕಳೆದ ತಿಂಗಳಷ್ಟೇ ಹೇಳಿದ್ದಾರೆ. ಹಾಗಾಗಿ ನಿಮ್ಮ ಪಿಸಿಸಿ ಮುಂದೆ ಇರುವುದು ಸಣ್ಣ ಪ್ರಶ್ನೆ. ಅದನ್ನು ದೊಡ್ಡದು ಮಾಡಿಕೊಂಡು ಹೋಗಬೇಡ.

ಮದುವೆ ಇಲ್ಲ, ಪ್ರಾರ್ಥನೆ ಆಗಬಹುದು ಅನ್ನುವ ಈ ಹಿಂಬಾಗಿಲು ಆ ಸಭೆಗೆ ಹೊಸದೂ ಅಲ್ಲ. ಈಗಿನ ರಾಜ ಚಾರ್ಲ್ಸ್ 2005ರಲ್ಲಿ ಎರಡನೇ ಮದುವೆ ಆದಾಗ, ವಿಂಡ್ಸರ್ ಗಿಲ್ಡ್‌ಹಾಲಿನಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಂಡು ಆಮೇಲೆ ಚಾಪೆಲ್‌ಗೆ ಬಂದರು. ಅಲ್ಲಿ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಪ್ರಾರ್ಥನೆ ನಡೆಸಿದರು. ವಿಚ್ಛೇದನ ಆದವರಿಗೆ ಒಳಗೆ ಮದುವೆ ಕಷ್ಟ, ಪ್ರಾರ್ಥನೆ ಆಗಬಹುದು. ಆಗ ನಮ್ಮಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಟಿವಿ ಮುಂದೆ ಕೂತು ಟೋಪಿಗಳನ್ನು ನೋಡಿದೆವು.

ಫೆಲಿಕ್ಸ್‌ಸ್ಟೋದ ಮರುದಿನವೇ ವ್ಯಾಟಿಕನ್ನಿನಿಂದಲೂ ಒಂದು ಪತ್ರ ಬಂತು. ಪಾದ್ರಿಗಳು ಇಂಥ ಜೋಡಿಗಳಿಗೆ ಆಶೀರ್ವಾದ ಮಾಡಬಹುದು, ಆದರೆ ಅದು ವಿಧಿ ಆಗಬಾರದು, ಮದುವೆಯ ಹಾಗೆ ಕಾಣಬಾರದು ಅಂತ. ಆಫ್ರಿಕಾದ ಬಿಷಪರು ನಮ್ಮಲ್ಲಿ ಆಗೋದಿಲ್ಲ ಅಂದರು. ಗಲಾಟೆ ಜಾಸ್ತಿ ಆದ ಮೇಲೆ ರೋಮಿನವರು, ಹತ್ತು ಹದಿನೈದು ಸೆಕೆಂಡಿನ ಪ್ರಾರ್ಥನೆ ಅಷ್ಟೇ ಅಂತ ಸಮಜಾಯಿಷಿ ಕೊಟ್ಟರು. ಪಕ್ಕದ ಮನೆ ಲಿಲ್ಲಿಬಾಯಿ ಇದನ್ನು ಓದಿ ಹೇಳಿದ್ದು: "ನಮ್ಮ ಫಾದರ್ ಸ್ಕೂಟರಿಗೆ ಆಶೀರ್ವಾದ ಮಾಡಿದರೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು ಟೀಚರ್."

ಈಗ "ನಮ್ಮವರು" ಅನ್ನುವ ವಿಷಯ. ಯಾರು ನಮ್ಮವರು? ಮಿಶನರಿಗಳು ಕಲಿಸಿದ್ದನ್ನು ನಾವು ಬಿಡಲಿಲ್ಲ, ಅವರು ಬಿಟ್ಟರು ಅಂತ ನಿನಗೆ ಯಾರೋ ಹೇಳಿಕೊಟ್ಟಿದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಯಾವ ಮಿಶನರಿಗಳು? 1834ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದ ಹೆಬಿಕ್ ಜರ್ಮನಿಯ ವುರ್ಟೆಂಬರ್ಗಿನವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೊಗ್ಲಿಂಗ್ ಸಹ ಅಲ್ಲಿನವರೇ. ಆ ವುರ್ಟೆಂಬರ್ಗಿನ ಪ್ರಾಟೆಸ್ಟಂಟ್ ಸಭೆ 2017ರಲ್ಲಿ ಈ ಆಶೀರ್ವಾದವನ್ನು ಮತಕ್ಕೆ ಹಾಕಿ ಸೋತಿತು, 2019ರಲ್ಲಿ ಒಪ್ಪಿತು. ಅದೂ ಎಲ್ಲಾ ಸಭೆಗಳಲ್ಲಿ ಅಲ್ಲ, ಬೇಕು ಅಂದ ಕೆಲವು ಸಭೆಗಳಲ್ಲಿ ಮಾತ್ರ.

ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ್ದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಒಟ್ಟಾಗಿ. ನಮ್ಮ ಕಡೆಯ ಬಾಸೆಲ್ ಮಿಶನ್ ಸಭೆಗಳು ಆಮೇಲೆ ಸೇರಿದವು. ಆ ತಾಯಿ ಸಭೆಗಳು ಇವತ್ತು ಒಂದೊಂದು ಒಂದೊಂದು ಕಡೆ ಇವೆ. ಕಾಂಗ್ರಿಗೇಶನಲ್, ಪ್ರೆಸ್ಬಿಟೇರಿಯನ್ ಸಭೆಗಳು ಕೂಡಿ ಆದ ಬ್ರಿಟನ್ನಿನ ಯುನೈಟೆಡ್ ರಿಫಾರ್ಮ್ಡ್ ಚರ್ಚ್ 2016ರಲ್ಲಿ ಸಲಿಂಗ ಮದುವೆಯನ್ನೇ ಆಯಾ ಸಭೆಯ ಇಷ್ಟಕ್ಕೆ ಬಿಟ್ಟಿತು. ಅಲ್ಲಿನ ಮೆಥಡಿಸ್ಟರು 2021ರಲ್ಲಿ ಒಪ್ಪಿದರು, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು 2022ರಲ್ಲಿ. ಆಂಗ್ಲಿಕನ್ನರು, ಅಂದರೆ ನಿಮ್ಮ ಚರ್ಚ್ ಆಫ್ ಇಂಗ್ಲೆಂಡಿನವರು, ಪ್ರಾರ್ಥನೆಗೆ ಬಂದು ನಿಂತಿದ್ದಾರೆ. ಇವರಲ್ಲಿ ಯಾರ ಮಗು ಅಂತ ಹೇಳಿಕೊಂಡು ನೀನು ಎದ್ದು ನಿಲ್ಲುತ್ತೀ?

"ಗ್ಲೋಬಲ್ ಸೌತ್", ಅಂದರೆ ಆಫ್ರಿಕಾ, ಏಷ್ಯಾ, ದಕ್ಷಿಣ ಅಮೆರಿಕದ ಕಡೆಯವರು, ಅನ್ನುವ ಮಾತು ಅಲ್ಲಿ ತುಂಬಾ ಓಡುತ್ತದಂತೆ. ಸಿನಾಡಿನ ಮತ ಆದ ಕೆಲವೇ ದಿನಕ್ಕೆ ದಕ್ಷಿಣ ಸುಡಾನ್, ಉಗಾಂಡಾ, ಕಾಂಗೋ ಮುಂತಾದ ಕಡೆಯ ಆರ್ಚ್‌ಬಿಷಪರು, ಚರ್ಚ್ ಆಫ್ ಇಂಗ್ಲೆಂಡಿನ ಹಿರಿಯರಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪರನ್ನು ಇನ್ನು ನಮ್ಮ ಮುಖ್ಯಸ್ಥರು ಅಂತ ಕಾಣುವುದಿಲ್ಲ ಅಂದರು. ಅದು ಸುಮ್ನೆ ಕೋಪ ಅಲ್ಲ. 1998ರ ಲ್ಯಾಂಬೆತ್ ಸಮ್ಮೇಳನದಲ್ಲಿ ಲೋಕದ ಆಂಗ್ಲಿಕನ್ ಬಿಷಪರೆಲ್ಲ ಸೇರಿ, 526ಕ್ಕೆ 70 ಮತದಿಂದ, ಇಂಥ ಆಶೀರ್ವಾದ ಬೇಡ ಅಂತ ಠರಾವು ಮಾಡಿದ್ದರು. ಎಲ್ಲರೂ ಸೇರಿ ಮಾಡಿದ್ದನ್ನು ಒಬ್ಬರೇ ಬದಲಾಯಿಸಿದರೆ ಹೇಗೆ ಅಂತ ಅವರು ಕೇಳುವುದರಲ್ಲಿ ನ್ಯಾಯ ಇದೆ. ಆದರೆ ಅದೇ ಠರಾವಿನಲ್ಲಿ ಇಂಥವರ ಅನುಭವವನ್ನು ಕೇಳುತ್ತೇವೆ ಅಂತ ಮಾತೂ ಕೊಟ್ಟಿದ್ದಾರೆ. ಆ ಸಾಲನ್ನು ಓದುವವರು ಕಡಿಮೆ. ಇನ್ನು ಬ್ರೆಜಿಲ್ ಕೂಡ ದಕ್ಷಿಣದಲ್ಲೇ ಇದೆ ಅಲ್ವಾ? ಅಲ್ಲಿನ ಆಂಗ್ಲಿಕನ್ ಸಭೆ 2018ರಲ್ಲಿ ಮದುವೆಗೇ ಒಪ್ಪಿತು.

ಇನ್ನೊಂದು ಕಡೆಯವರಿಗೂ ನೀನು ಸಿಕ್ಕಿಬೀಳಬೇಡ. ಪಾಪ, ಹಿಂದುಳಿದ ದೇಶದಿಂದ ಬಂದವನು ಅನ್ನುವ ದನಿ ನಿನ್ನ ಎರಡನೇ ಮೆಸೇಜಿನಲ್ಲಿ ನನಗೂ ಕೇಳಿಸಿತು. ಸಿಎಸ್‌ಐ 1976ರಲ್ಲೇ ಹೆಣ್ಣುಮಕ್ಕಳಿಗೆ ಪಾದ್ರಿ ದೀಕ್ಷೆ ಕೊಟ್ಟಿತು. ಇಂಗ್ಲೆಂಡಿನವರು 1994ರ ತನಕ ಕಾದರು. ನಮ್ಮ ಮೊದಲ ಸ್ತ್ರೀ ಬಿಷಪ್ ಪುಷ್ಪಾ ಲಲಿತಾ ನಂದ್ಯಾಲದಲ್ಲಿ 2013ರಲ್ಲಿ, ಅವರದು 2015ರಲ್ಲಿ. ಹಾಗೇ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ 377ನೇ ಕಲಮು ನಾವು ಬರೆದದ್ದಲ್ಲ, 1860ರಲ್ಲಿ ಬ್ರಿಟಿಷರು ಬರೆದದ್ದು. ಒಪ್ಪಿ ಕೂಡಿದವರಿಗೆ ಅದು ಅನ್ವಯಿಸದು ಅಂತ ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಮದುವೆಯ ಹಕ್ಕು ಮಾತ್ರ 2023ರಲ್ಲಿ ಕೊಡಲಿಲ್ಲ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಯಾರ ಮುಂದೆಯೂ ನಾಚಿಕೊಂಡು ಮತ ಹಾಕಬೇಡ ಅಂತ ಅಷ್ಟೇ.

ನಮ್ಮ ಸಭೆಯಲ್ಲಿ ಇದರ ಬಗ್ಗೆ ಒಂದು ದಿನವೂ ಚರ್ಚೆ ಆಗಿಲ್ಲ. ಆದರೆ ನಿನ್ನ ಅಮ್ಮನಿಗೂ ನನಗೂ ಗೊತ್ತಿರುವ ಒಬ್ಬರಿದ್ದರು. ಕ್ವಾಯರಿನಲ್ಲಿ ಬೇಸ್ ಹಾಡುವವರು, ಮದುವೆ ಆಗಿರಲಿಲ್ಲ. ಬ್ಯಾಂಕಿನಲ್ಲಿದ್ದ ಸ್ನೇಹಿತರೊಬ್ಬರ ಜೊತೆ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದರು. ಕ್ರಿಸ್ಮಸ್ಸಿಗೆ ಇಬ್ಬರೂ ಸೇರಿ ಕುಸ್ವಾರ್ ಹಂಚುತ್ತಿದ್ದರು, ಎಲ್ಲರೂ ತಿನ್ನುತ್ತಿದ್ದೆವು, ಯಾರೂ ಏನೂ ಕೇಳುತ್ತಿರಲಿಲ್ಲ. ಸ್ನೇಹಿತರು ತೀರಿಕೊಂಡಾಗ ಗುಂಡಿಯ ಹತ್ತಿರ ಅಯ್ಯನವರು, "ಕುಟುಂಬದವರು ಮೊದಲು ಮಣ್ಣು ಹಾಕಿ" ಅಂದರು. ಮುಂಬೈಯಿಂದ ಬಂದ ಅಣ್ಣನ ಮಕ್ಕಳು ಹಾಕಿದರು. ಇವರು ಕೊಡೆ ಹಿಡಿದು ಹಿಂದೆ ನಿಂತಿದ್ದರು. ಆಗ ಮಹಿಳಾ ಸಂಘದ ಒಬ್ಬ ಅಜ್ಜಿ, ದಿನಕ್ಕೆ ಹತ್ತು ಸಲ ಬೈಬಲ್ ವಚನ ಹೇಳುವವಳು, ಜೋರಾಗಿ "ದಾರಿ ಬಿಡಿ, ಅವನು ಬರಲಿ" ಅಂದಳು. ಬಿಟ್ಟರು. ಆ ಅಜ್ಜಿಯನ್ನು ಕೂರಿಸಿ ಆಶೀರ್ವಾದದ ಪ್ರಾರ್ಥನೆಗೆ ಒಪ್ಪುತ್ತೀಯಾ ಅಂತ ಕೇಳಿದ್ದರೆ ಖಂಡಿತ ಇಲ್ಲ ಅನ್ನುತ್ತಿದ್ದಳು. ಇದನ್ನು ನಿಮ್ಮ ಮೀಟಿಂಗಿನಲ್ಲಿ ಯಾವ ಕಾಲಂನಲ್ಲಿ ಬರೆಯುತ್ತಾರೆ?

ನನ್ನ ಅಭಿಪ್ರಾಯ ಬೇಕಾದರೆ ಕೇಳು, ಆದರೆ ಇದು ನನ್ನದು. ಮಂಡಿಯೂರಿದ ಇಬ್ಬರಿಗೆ ಪ್ರಾರ್ಥನೆ ಇಲ್ಲ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ದೇವಾಲಯದಲ್ಲಿ ಮದುವೆ ಅಂದರೆ ನನ್ನ ಮನಸ್ಸು ಇನ್ನೂ ಅಲ್ಲಿಗೆ ಹೋಗಿಲ್ಲ. ಆದಿಕಾಂಡದ ಗಂಡು ಹೆಣ್ಣಿನ ಮಾತನ್ನು ಯೇಸು ಸ್ವಾಮಿಯೇ ಎತ್ತಿ ಹೇಳಿದ್ದನ್ನು ಸುಲಭವಾಗಿ ದಾಟಲಾರೆ. ಇನ್ನು ಬಿಷಪರ ಈ ದಾರಿ ನನಗೆ ಅಷ್ಟು ಹಿಡಿಸಿಲ್ಲ. ಏನನ್ನು ಆಶೀರ್ವದಿಸುತ್ತಿದ್ದೇವೆ ಅಂತ ಬಿಡಿಸಿ ಹೇಳದೆ ಆಶೀರ್ವದಿಸುವುದು, ಪಾಸೋ ಫೇಲೋ ಹೇಳದೆ ಉತ್ತರ ಪತ್ರಿಕೆಗೆ ಸಹಿ ಹಾಕಿ ಕೊಟ್ಟ ಹಾಗೆ. ಈ ಪ್ರಾರ್ಥನೆಯ ಕೆಲಸ ಮುಂದೆ ನಿಂತು ನಡೆಸಿದ ಬಿಷಪ್ ಸಾರಾ ಮುಲ್ಲಾಲಿ ಅವರನ್ನೇ 2025ರ ಅಕ್ಟೋಬರಿನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಆರಿಸಿದ್ದಾರೆ. ನೋಡೋಣ.

ಸತ್ಯವೇದ ಹಿಡಿದುಕೊಂಡು ಹೋಗುವುದಾದರೆ ಪೂರ್ತಿ ಹಿಡಿದುಕೊಂಡು ಹೋಗು. ರೋಮಾಪುರದವರಿಗೆ ಬರೆದ ಪತ್ರದ ಒಂದನೇ ಅಧ್ಯಾಯದಲ್ಲಿ ಇಂಥವರನ್ನು ಖಂಡಿಸಿದ್ದನ್ನು ಓದುವವನು, ಇನ್ನೊಬ್ಬರಿಗೆ ತೀರ್ಪು ಮಾಡುವ ನಿನಗೂ ನೆಪವಿಲ್ಲ ಅನ್ನುವ ಎರಡನೆಯದರ ಮೊದಲ ವಚನ ಬರುವ ಮೊದಲೇ ನಿಲ್ಲಿಸಬಾರದು. ಅಪೊಸ್ತಲರ ಕೃತ್ಯಗಳ ಹದಿನೈದನೇ ಅಧ್ಯಾಯವನ್ನೂ ಓದು. ಸುನ್ನತಿ ಇಲ್ಲದವರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಯೆರೂಸಲೇಮಿನಲ್ಲಿ ಕೂತು ಜಗಳ ಆಡಿದವರು ಕಡೆಗೆ ಒಂದು ಪತ್ರ ಬರೆದರು. ಅದರಲ್ಲಿ ಸೇರಿಸಿಕೊಂಡದ್ದೂ ಇದೆ, ಜಾರತ್ವ ಬಿಡಿ ಅಂದದ್ದೂ ಇದೆ. ಎರಡೂ ಕಡೆಯವರು ತಮಗೆ ಬೇಕಾದ ಅರ್ಧ ಓದುತ್ತಾರೆ.

ಮೀಟಿಂಗಿಗೆ ಮೊದಲು ಎರಡು ಮನೆಗೆ ಹೋಗಿ ಬಾ. ಒಂದು, ಆರಾಧನೆ ಆದ ಮೇಲೆ ಟೀ ಮಾಡುವ ಇಬ್ಬರು ಗಂಡಸರು ಅಂದೆಯಲ್ಲ, ಅವರ ಮನೆ. ಅವರಿಗೆ ಈ ಪ್ರಾರ್ಥನೆ ಬೇಕಾ, ಬೇಡವಾ ಅಂತ ಯಾರಾದರೂ ಕೇಳಿದ್ದಾರಾ? ಇನ್ನೊಂದು, ಆ ನೈಜೀರಿಯಾದ ಕುಟುಂಬ. ನೀನು ಹೊಸದಾಗಿ ಹೋದಾಗ ಭಾನುವಾರ ಊಟಕ್ಕೆ ಕರೆದವರು ಅವರೇ, ಇದಾದರೆ ಸಭೆ ಬಿಡುತ್ತೇವೆ ಅನ್ನುವವರೂ ಅವರೇ. ಅವರ ಜೊತೆ ವಾದಕ್ಕೆ ಹೋಗಬೇಡ. ಕೂತು ಕೇಳು, ಕೊಟ್ಟದ್ದು ತಿನ್ನು. ಕೊನೆಗೆ ತೀರ್ಮಾನ ವಿಕಾರ್ ಅವರದ್ದು. ಅದು ಹೇಗೆ ಬಂದರೂ ನೀನು ಮುಂದಿನ ಭಾನುವಾರ ಅದೇ ಬೆಂಚಿನಲ್ಲಿ ಇರಬೇಕು. ಬೇಸರ ಆಯಿತು ಅಂತ ಬೇರೆ ಚರ್ಚ್ ಹುಡುಕಿಕೊಂಡು ಹೊರಡಬೇಡ.

ಅಮ್ಮನಿಗೆ ಬಿಪಿ ಮಾತ್ರೆ ಬದಲಾಯಿಸಿದ್ದಾರೆ, ಈಗ ಆರಾಮಿದ್ದಾಳೆ. ಮೀಟಿಂಗ್ ಆದ ಮೇಲೆ ಫೋನ್ ಮಾಡು. ಬುಧವಾರ ಸಂಜೆ ಬೇಡ, ಕ್ರಿಸ್ಮಸ್ ಕ್ಯಾರಲ್ ಪ್ರಾಕ್ಟೀಸ್ ಶುರುವಾಗಿದೆ.

ಇಂತಿ ನಿನ್ನ
ದೊಡ್ಡಮ್ಮ